ಬಾದಾಮಿ ಗುಹೆಯಲ್ಲಿ ಫೋಟೊ ಮಸುಕು: 70-200 ಲೆನ್ಸ್ ಬೇಕಾ?

ಕ್ಯಾಮೆರಾ ಜೊತೆ ಬಂದ 18-55 ಎಂಎಂ ಕಿಟ್ ಲೆನ್ಸ್ ಕೆಟ್ಟಿಲ್ಲ, ಬಹುಶಃ ಶಟರ್ ನಿಧಾನವಾಗಿ ಕೈ ಅಲುಗಿದ್ದೂ ಫೋಟೊದಲ್ಲಿ ಬಂದಿದೆ. 55ಕ್ಕೆ ಝೂಮ್ ಮಾಡಿದರೆ ಅಪರ್ಚರ್ (ಬೆಳಕು ಬಿಡುವ ಕಿಂಡಿ) ಎಫ್/5.6ಕ್ಕೆ ಕಿರಿದಾಗುತ್ತದೆ, ಗುಹೆಯಲ್ಲಿ ಬೆಳಕೇ ಕಡಿಮೆ ಅಲ್ವಾ.

ಮೊದಲು ಮನೆಯಲ್ಲೇ ಸಂಜೆ ಲೈಟ್ ಹಾಕದೆ 18ರಲ್ಲಿ, ಶಟರ್ 1/60 ಸೆಕೆಂಡ್, ಐಎಸ್‌ಒ (ಬೆಳಕಿನ ಸಂವೇದನೆ) 3200 ಇಟ್ಟು ತೆಗೆದು ನೋಡಿ. ಕಾಳು ಕಾಳು ಜಾಸ್ತಿ ಅನಿಸಿದರೆ ಮಾತ್ರ ಹೆಚ್ಚು ಬೆಳಕು ಬಿಡುವ 35 ಎಂಎಂ ಎಫ್/1.8 ಲೆನ್ಸ್ ತಗೊಳ್ಳಿ, ಸುಮಾರು 200 ಗ್ರಾಂ ಅಷ್ಟೇ. 70-200 ಸುಮ್ನೆ ಭಾರ.

ಮೂರನೇ ಗುಹೆಯ ಪಡಸಾಲೆಯಲ್ಲಿ ಶೇಷನ ಮೇಲೆ ಕೂತ ವಿಷ್ಣು ಪೂರ್ತಿ ಬರಬೇಕೆಂದರೆ 18ರ ಹತ್ತಿರವೇ ಬೇಕು. ಕಂಬದ ಮೇಲಿನ ಜೋಡಿ ಶಿಲ್ಪಗಳಿಗೆ 35 ಚೆನ್ನ.

ಟ್ರೈಪಾಡ್ ಬಿಡಿ, ಪುರಾತತ್ವ ಇಲಾಖೆಯ ಅನುಮತಿ ಬೇಕಾಗುತ್ತದೆ. ಬ್ಯಾಗಲ್ಲಿ ತಿಂಡಿಯೂ ಬೇಡ, ಅಲ್ಲಿನ ಮಂಗಗಳು ಲೆನ್ಸ್ ಸಮೇತ ಎಳೆದುಬಿಡುತ್ತವೆ.