ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಮುಂದಿನ ಲಿಗಮೆಂಟ್) ಪೂರ್ತಿ ಹರಿದಿದೆ, ಮಂಡಿಯ ಹೊರಬದಿಗೂ ಸ್ವಲ್ಪ ಪೆಟ್ಟಾಗಿದೆ. ಅದರ ಜಾಗಕ್ಕೆ ಯಾವ ಗ್ರಾಫ್ಟ್ (ಬೇರೆ ಕಡೆಯಿಂದ ತೆಗೆದು ಹಾಕುವ ಟೆಂಡನ್, ಅಂದ್ರೆ ಸ್ನಾಯುರಜ್ಜು) ಹಾಕಿಸಿಕೊಳ್ಳಲಿ?

ಗ್ರಾಫ್ಟ್ ಬಿಡಿ, ಆ ಹೊರಬದಿಯನ್ನು ಯಾರಾದರೂ ಕೈ ಹಾಕಿ ಪರೀಕ್ಷೆ ಮಾಡಿದ್ದಾರಾ? ನನ್ನ ಮೊದಲ ಆಪರೇಷನ್ ಹಾಳಾಗಿದ್ದು ಅಲ್ಲೇ.

ಫುಟ್‌ಬಾಲ್ ಆಡುವಾಗ ಎದುರಿನವನು ಮುಂದಿನಿಂದ ಬಂದು ಮಂಡಿಯ ಒಳಬದಿಗೆ ಗುದ್ದಿದ. ಮಂಡಿ ಹಿಂದಕ್ಕೂ ಹೊರಕ್ಕೂ ಬಾಗಿತು. ಟಪ್ ಅಂದಿದ್ದು ನನಗೇ ಕೇಳಿಸಿತು. ಎಂಆರ್‌ಐ ರಿಪೋರ್ಟ್‌ನ ಮೊದಲ ಸಾಲಲ್ಲೇ ಎಸಿಎಲ್ ಪೂರ್ತಿ ಹರಿದಿದೆ ಅಂತ ಇತ್ತು. ಹೊರಬದಿಯ ಹಿಂದಿನ ಮೂಲೆಯಲ್ಲೂ ಭಾಗಶಃ ಹಾನಿ ಅಂತ ಕೆಳಗೆಲ್ಲೋ ಬರೆದಿದ್ದರು. ಸರ್ಜನ್ ಎಸಿಎಲ್ ಒಂದನ್ನೇ ಸರಿಮಾಡಿ ಕಳಿಸಿದರು.

ಆ ಮೂಲೆ ಅಂದ್ರೆ ಒಂದೇ ಲಿಗಮೆಂಟ್ ಅಲ್ಲ. ಹೊರಬದಿಯ ಲಿಗಮೆಂಟ್ ಎಲ್‌ಸಿಎಲ್, ಪಾಪ್ಲಿಟಿಯಸ್ ಟೆಂಡನ್, ಪಾಪ್ಲಿಟಿಯೋಫಿಬುಲಾರ್ ಲಿಗಮೆಂಟ್ ಮುಖ್ಯವಾಗಿ ಈ ಮೂರೂ ಸೇರಿ ಮಂಡಿ ಹೊರಬದಿಯಲ್ಲಿ ಬಾಯಿ ಬಿಡದಂತೆ, ಕೆಳಗಿನ ಮೂಳೆ ಹೊರಕ್ಕೆ ತಿರುಚಿಕೊಳ್ಳದಂತೆ ಹಿಡಿದಿರುತ್ತವೆ. ಅವು ಸಡಿಲವಿದ್ದರೆ ಹೆಜ್ಜೆ ಇಟ್ಟಾಗೆಲ್ಲ ಆ ಎಳೆತ ಹೊಸ ಎಸಿಎಲ್ ಮೇಲೆ ಬೀಳುತ್ತೆ. ಕೀಲು ಕಿತ್ತ ಬಾಗಿಲಿಗೆ ಹೊಸ ಚಿಲಕ ಹಾಕಿದ ಹಾಗೆ. ಮೆಟ್ಟಿಲು ಇಳಿಯುವಾಗ ನನ್ನ ಮಂಡಿ ಹೊರಕ್ಕೆ ಜಗ್ಗುತ್ತಿತ್ತು. ತೊಡೆಯಲ್ಲಿ ಬಲ ಇಲ್ಲ ಅಂದರು, ನಾನೂ ನಂಬಿ ಸ್ಕ್ವಾಟ್ ಮೇಲೆ ಸ್ಕ್ವಾಟ್ ಹೊಡೆದೆ, ಅಷ್ಟರಲ್ಲಿ ಗ್ರಾಫ್ಟ್ ಎಳೆದೆಳೆದು ಸಡಿಲವಾಗಿ ಹೋಗಿತ್ತು. ಎಷ್ಟು ಒಳ್ಳೆಯ ಗ್ರಾಫ್ಟ್ ಹಾಕಿದ್ದರೂ ಅದರ ಗತಿ ಅಷ್ಟೇ. ಗ್ರಾಫ್ಟ್‌ಗೆ ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗಾ, ಮಂಡಿಚಿಪ್ಪಿನ ಕೆಳಗಿನ ಪಟೆಲ್ಲರ್ ಟೆಂಡನ್ನಾ ಅಂತ ತಲೆ ಕೆಡಿಸಿಕೊಳ್ಳುವುದು ಆಮೇಲಿನ ಮಾತು.

ಎರಡನೇ ಸರ್ಜನ್ ರಿಪೋರ್ಟ್ ಪಕ್ಕಕ್ಕಿಟ್ಟು ನನ್ನನ್ನು ಬೋರಲು ಮಲಗಿಸಿದರು. ಎರಡೂ ಮಂಡಿ 30 ಡಿಗ್ರಿ ಮಡಿಸಿ ಪಾದಗಳನ್ನು ಹೊರಕ್ಕೆ ತಿರುಗಿಸಿದರು. ಪೆಟ್ಟಾದ ಕಾಲಿನ ಪಾದ ಇನ್ನೊಂದಕ್ಕಿಂತ ಎಷ್ಟೋ ಜಾಸ್ತಿ ತಿರುಗಿತು, ತಲೆ ತಿರುಗಿಸಿ ನೋಡಿದ ನನಗೇ ಗೊತ್ತಾಗುವಷ್ಟು. 90 ಡಿಗ್ರಿಗೆ ಮಡಿಸಿದಾಗ ಆ ವ್ಯತ್ಯಾಸ ಕಡಿಮೆಯಾಯಿತು. ಇದೇ ಡಯಲ್ ಟೆಸ್ಟ್. 30ರಲ್ಲಿ ಮಾತ್ರ ಜಾಸ್ತಿ ತಿರುಗಿದರೆ ಆ ಮೂಲೆಯ ಮೇಲೆ ಅನುಮಾನ, 90ರಲ್ಲೂ ತಿರುಗಿದರೆ ಜೊತೆಗೆ ಎಸಿಎಲ್ ಹಿಂದಿರುವ ಪಿಸಿಎಲ್ ಲಿಗಮೆಂಟ್ ಮೇಲೂ. ಮಿಷನ್ ಬೇಡ, ಖರ್ಚಿಲ್ಲ, ಎರಡು ನಿಮಿಷದ ಕೆಲಸ! ಆಮೇಲೆ ಎಸಿಎಲ್ಲನ್ನೂ ಮೂಲೆಯನ್ನೂ ಒಟ್ಟಿಗೆ ಹೊಸದಾಗಿ ಕಟ್ಟಿದರು.

ನಿಮಗೆ ಪೆಟ್ಟಾಗಿದ್ದು ಒಳಬದಿಯ ಲಿಗಮೆಂಟ್ ಎಂಸಿಎಲ್‌ಗೆ ಆಗಿದ್ದರೆ ನಾನು ಇಷ್ಟು ಹೆದರಿಸುತ್ತಿರಲಿಲ್ಲ. ಅದು ಎಷ್ಟೋ ಸಲ ಮಂಡಿಗೆ ಕಟ್ಟುವ ಬ್ರೇಸ್‌ನಲ್ಲೇ ಕೂಡಿಕೊಳ್ಳುತ್ತೆ. ಎಸಿಎಲ್, ಎಂಸಿಎಲ್, ಒಳ ಮೆನಿಸ್ಕಸ್ (ಮಂಡಿ ಮೂಳೆಗಳ ನಡುವಿನ ಮೆತ್ತೆ) ಮೂರೂ ಒಟ್ಟಿಗೆ ಹೋಗುತ್ತವೆ ಅಂತ 'ಅನ್‌ಹ್ಯಾಪಿ ಟ್ರಯಡ್' ಕಥೆ ಹೇಳುವವರು ಬೇಕಾದಷ್ಟು ಸಿಗುತ್ತಾರೆ. ಅದು 1950ರ ಮಾತು. ಎಸಿಎಲ್ ಹೊಸದಾಗಿ ಹರಿದಾಗ ಹೊರ ಮೆನಿಸ್ಕಸ್ಸೇ ಜಾಸ್ತಿ ಹರಿದಿರುತ್ತೆ ಅಂತ ಆಮೇಲೆ ಗೊತ್ತಾಗಿದೆ. ಆದರೆ ಹೊರಬದಿಯ ಮೂಲೆ ಪೂರ್ತಿ ಹರಿದಿದ್ದರೆ ತಾನಾಗಿ ಸರಿಹೋಗುತ್ತೆ ಅಂತ ಕಾಯಬೇಡಿ. ಮೊದಲ ಎರಡು ಮೂರು ವಾರ ಕಳೆದರೆ ಅಲ್ಲೆಲ್ಲ ಗಾಯದ ಅಂಗಾಂಶ ತುಂಬಿಕೊಂಡು ಸರ್ಜನ್‌ಗೆ ಕೆಲಸ ಕಷ್ಟವಾಗುತ್ತೆ.

ಇನ್ನೊಂದು. ಪಾದಕ್ಕೆ ಹೋಗುವ ಪೆರೋನಿಯಲ್ ನರ ಆ ಮೂಲೆಯ ಪಕ್ಕದಲ್ಲೇ ಹಾದುಹೋಗುತ್ತೆ. ಈಗಲೇ ಕಾಲಿನ ಹೆಬ್ಬೆರಳನ್ನು ಮೇಲಕ್ಕೆತ್ತಿ ನೋಡಿ. ಎತ್ತಲು ಆಗದಿದ್ದರೆ, ಪಾದದ ಮೇಲ್ಭಾಗ ಜೋಮು ಹಿಡಿದಂತಿದ್ದರೆ ಇವತ್ತೇ ಡಾಕ್ಟರಿಗೆ ತೋರಿಸಿ. ಪಾದ ತಣ್ಣಗಾಗಿದ್ದರೆ ಅಥವಾ ಬಣ್ಣ ಬದಲಾಗಿದ್ದರೆ ಮಂಡಿ ಹಿಂದಿನ ರಕ್ತನಾಳಕ್ಕೇ ಪೆಟ್ಟಾಗಿರಬಹುದು, ಉತ್ತರ ಓದುತ್ತಾ ಕೂರಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ.