ಸಂಪಾದಕರ ಉತ್ತರ: ಫೈಟರ್‌ಗೆ ಮಂತ್ರ ಕಲಿಯುವ ಮನಸ್ಸಾದಾಗ

ಮಾನ್ಯರೇ,

ಮೇಜಿನ ಸುತ್ತ ಕುಳಿತು ಪಾತ್ರಗಳಾಗಿ ಆಡುವ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯನ್ನು ಕೆಲವು ವರ್ಷಗಳಿಂದ ಆಡುತ್ತಿರುವ ನೀವು, 1978ರ ಆಟಗಾರರ ಕೈಪಿಡಿಯ ಹಳೆಯ ಪ್ರತಿಯೊಂದನ್ನು ತರಿಸಿಕೊಂಡು ಓದಿ ಬೇಸರಪಟ್ಟು ಬರೆದಿದ್ದೀರಿ. ಕ್ಲಾಸ್ (ಪಾತ್ರದ ಕಸುಬು) ಎಂಬ ಬೇಲಿ ಪ್ರತಿ ಆವೃತ್ತಿಯಲ್ಲೂ ಸಡಿಲಗೊಳ್ಳುತ್ತ ಬಂದಿದೆ, ಹಾಗಿರುವಾಗ ಇಷ್ಟು ಬಿಗಿಯಾದ ಹಳೆಯ ನಿಯಮಗಳನ್ನು ಇಂದು ಯಾರಾದರೂ ಏಕೆ ಆಡಬೇಕು ಎಂಬುದು ನಿಮ್ಮ ಪ್ರಶ್ನೆ. ಬೇಲಿ ಸಡಿಲಗೊಂಡಿದೆ ಎಂಬ ಮಾತನ್ನೇ ನಾನು ಪೂರ್ತಿಯಾಗಿ ಒಪ್ಪಲಾರೆ. ನನ್ನ ಓದಿನಲ್ಲಿ ಪ್ರತಿ ಆವೃತ್ತಿಯೂ ಬದಲಿಸಿದ್ದು ಎರಡು ಸಂಗತಿಗಳನ್ನು: ಆಟಗಾರ ಯಾವಾಗ ಆಯ್ಕೆ ಮಾಡಬೇಕು, ಅದಕ್ಕೆ ಎಷ್ಟು ಬೆಲೆ ತೆರಬೇಕು.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಪ್ರಕಟಿಸಿದ ಮೊದಲ ಆಟದಲ್ಲಿ ಇದ್ದದ್ದು ಫೈಟಿಂಗ್ ಮ್ಯಾನ್ (ಯೋಧ), ಮ್ಯಾಜಿಕ್ ಯೂಸರ್ (ಮಂತ್ರವಾದಿ), ಕ್ಲೆರಿಕ್ (ದೈವಬಲದಿಂದ ಮಂತ್ರ ಹೇಳುವವನು) ಎಂಬ ಮೂರೇ ಕ್ಲಾಸ್‌ಗಳು. ಆದರೂ ಎಲ್ಫ್ (ಮನುಷ್ಯರಲ್ಲದ ಒಂದು ಕುಲ) ಪಾತ್ರವು ಒಂದು ಸಾಹಸದಲ್ಲಿ ಫೈಟಿಂಗ್ ಮ್ಯಾನ್ ಆಗಿ, ಮುಂದಿನದರಲ್ಲಿ ಮ್ಯಾಜಿಕ್ ಯೂಸರ್ ಆಗಿ ಹೊರಡಬಹುದಿತ್ತು. ಅಂಥ ಸಲೀಸು ಬದಲಾವಣೆ ಆಮೇಲೆ ಯಾವ ಆವೃತ್ತಿಯ ಮೂಲ ನಿಯಮದಲ್ಲೂ ನನಗೆ ಕಂಡಿಲ್ಲ.

ಈಗ ನಿಮ್ಮನ್ನು ಕಾಡಿದ 1978ರ ಪುಸ್ತಕಕ್ಕೆ ಬರೋಣ. ಅಲ್ಲಿ ಎಲ್ಫ್ ಫೈಟರ್ ಆಗಿಯೂ ಮ್ಯಾಜಿಕ್ ಯೂಸರ್ ಆಗಿಯೂ ಏಕಕಾಲಕ್ಕೆ ಬೆಳೆಯಬಹುದು. ಗಳಿಸಿದ ಅನುಭವಾಂಕ ಎರಡಕ್ಕೂ ಸಮನಾಗಿ ಹಂಚಿಹೋಗುತ್ತದೆ. ಒಮ್ಮೆ ಲೆಕ್ಕ ಹಾಕಿ ನೋಡಿ. 80,002 ಅಂಕ ಗಳಿಸಿದ ಎಲ್ಫ್‌ಗೆ ಪ್ರತಿ ಕ್ಲಾಸ್‌ಗೆ 40,001 ಸಿಗುತ್ತದೆ, ಅಂದರೆ ಎರಡರಲ್ಲೂ 6ನೇ ಲೆವೆಲ್ (ಬೆಳವಣಿಗೆಯ ಮೆಟ್ಟಿಲು). ಅಷ್ಟೇ ಅಂಕವಿರುವ ಬರೀ ಫೈಟರ್ 7ನೇ ಲೆವೆಲ್‌ನಲ್ಲಿರುತ್ತಾನೆ, ಬರೀ ಮ್ಯಾಜಿಕ್ ಯೂಸರ್ ಕೂಡ 7ರಲ್ಲೇ. ಈ ಹಂತದವರೆಗೆ ಪ್ರತಿ ಲೆವೆಲ್‌ಗೆ ಬೇಕಾದ ಅಂಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತ ಹೋಗುವುದರಿಂದ, ಅರ್ಧ ಅಂಕ ಕೈಬಿಟ್ಟರೂ ಆಗುವ ನಷ್ಟ ಒಂದೇ ಲೆವೆಲ್ಲಿನದು. ಇದರ ಬೆಲೆ ಬೇರೆ ಕಡೆ ಇದೆ: ಶಕ್ತಿ 18 ಇದ್ದರೂ ಆ ಎಲ್ಫ್ ಫೈಟರ್ ಆಗಿ 7ನೇ ಲೆವೆಲ್ ದಾಟುವಂತಿಲ್ಲ. ಈ ಮಿತಿ ನನಗೂ ಸರಿಕಾಣುವುದಿಲ್ಲ, ಅದನ್ನು ಸಮರ್ಥಿಸಲು ಹೋಗುವುದೂ ಇಲ್ಲ.

ಆದರೆ ನೀವು ಕ್ರೂರವೆಂದು ಕರೆದ ಮನುಷ್ಯರ ಡ್ಯುಯಲ್ ಕ್ಲಾಸ್ ನಿಯಮದ (ಒಂದು ಕ್ಲಾಸ್ ಬಿಟ್ಟು ಇನ್ನೊಂದಕ್ಕೆ ಹೋಗುವ ನಿಯಮ) ಬಗ್ಗೆ ನನಗೆ ಪ್ರೀತಿಯಿದೆ. ಹಳೆಯ ಕ್ಲಾಸ್‌ನ ಮುಖ್ಯ ಗುಣದಲ್ಲಿ 15, ಹೊಸದರಲ್ಲಿ 17 ಇರಬೇಕು; ಹೊಸ ಕ್ಲಾಸ್‌ನ ಲೆವೆಲ್ ಹಳೆಯದನ್ನು ಮೀರುವವರೆಗೆ ಹಳೆಯ ವಿದ್ಯೆಯನ್ನು ಬಳಸಿದರೆ ಆ ಸಾಹಸದಲ್ಲಿ ಹೊಸ ಕ್ಲಾಸ್‌ಗೆ ಬರಬೇಕಾದ ಅನುಭವಾಂಕವೆಲ್ಲ ಹೋಗುತ್ತದೆ. ಕತ್ತಿಯನ್ನು ಪಕ್ಕಕ್ಕಿಟ್ಟು ಗುರುವಿನ ಮುಂದೆ ಎಳೆಯ ಶಿಷ್ಯನಂತೆ ಕುಳಿತವನ ಕಷ್ಟವನ್ನು ಇಷ್ಟು ನೇರವಾಗಿ ಆಟಗಾರನಿಗೆ ಮುಟ್ಟಿಸುವ ನಿಯಮ ಇನ್ನೊಂದಿಲ್ಲ. ಪ್ರಾಣ ಉಳಿಸಿಕೊಳ್ಳಲು ಒಮ್ಮೆ ಕತ್ತಿ ಎತ್ತಿಬಿಡಲೇ ಎಂಬ ತಳಮಳ ಆಟದೊಳಗಿನಿಂದಲೇ ಹುಟ್ಟುತ್ತದೆ.

1989ರ ಎರಡನೇ ಆವೃತ್ತಿ ಈ ಎರಡು ದಾರಿಗಳನ್ನೂ ಉಳಿಸಿಕೊಂಡು, ಮುಂದೆ ಬಂದ ಪೂರಕ ಪುಸ್ತಕಗಳಲ್ಲಿ ಕಿಟ್‌ಗಳನ್ನು (ಒಂದೇ ಕ್ಲಾಸ್‌ನ ಬಗೆಬಗೆಯ ರೂಪಗಳು) ಸೇರಿಸಿತು. ನಿಜವಾದ ತಿರುವು 2000ದ ಮೂರನೇ ಆವೃತ್ತಿ. ಯಾರು ಬೇಕಾದರೂ, ಯಾವ ಲೆವೆಲ್‌ನಲ್ಲಿ ಬೇಕಾದರೂ, ಬೇರೆ ಕ್ಲಾಸ್‌ನ ಒಂದು ಲೆವೆಲ್ ತೆಗೆದುಕೊಳ್ಳಬಹುದು. ಬಾಗಿಲು ಪೂರ್ತಿ ತೆರೆದಂತೆ ಕಂಡಿತು. ಆದರೆ ಫೈಟರ್ ಆಗಿ 5 ಲೆವೆಲ್, ವಿಝರ್ಡ್ (ಹಳೆಯ ಮ್ಯಾಜಿಕ್ ಯೂಸರ್‌ನ ಹೊಸ ಹೆಸರು) ಆಗಿ 5 ಲೆವೆಲ್ ಆದ ಪಾತ್ರವನ್ನು ನೋಡಿ: ದಾಳಿಯ ಮೂಲ ಬೋನಸ್ +7, 10ನೇ ಲೆವೆಲ್‌ನ ಬರೀ ಫೈಟರ್‌ಗಾದರೆ +10, ಮಂತ್ರಗಳಲ್ಲಿ ಮೂರನೇ ಹಂತ, ಬರೀ ವಿಝರ್ಡ್‌ಗಾದರೆ ಐದನೆಯದು. ಹಳೆಯ ಎಲ್ಫ್ ಒಂದೇ ಹೆಜ್ಜೆ ಹಿಂದಿದ್ದರೆ ಇವನು ಎರಡು ಕಡೆಯಲ್ಲೂ ಬಹಳ ಹಿಂದೆ ಬಿದ್ದಿದ್ದಾನೆ. 2003ರ 3.5ರಲ್ಲಿ ಕತ್ತಿ, ಮಂತ್ರ ಎರಡನ್ನೂ ಬೆಳೆಸುವ ಎಲ್ಡ್ರಿಚ್ ನೈಟ್‌ನಂಥ ಪ್ರೆಸ್ಟೀಜ್ ಕ್ಲಾಸ್ (ಷರತ್ತು ಪೂರೈಸಿದವರಿಗಷ್ಟೇ ಸಿಗುವ ಕ್ಲಾಸ್) ಸೇರಿಸಬೇಕಾಗಿ ಬಂದದ್ದು ಈ ಕಂದಕದಿಂದಲೇ ಎಂದು ನನ್ನ ಭಾವನೆ.

ಪ್ರೆಸ್ಟೀಜ್ ಕ್ಲಾಸ್‌ಗಳು ಇನ್ನೊಂದು ಬಗೆಯ ಕಟ್ಟುಪಾಡನ್ನು ತಂದವು. ಶ್ಯಾಡೋಡಾನ್ಸರ್ ಆಗಬೇಕಾದರೆ ಅಡಗುವ ಕೌಶಲವಾದ ಹೈಡ್‌ನಲ್ಲಿ 10 ರ್‍ಯಾಂಕ್, ಸದ್ದಿಲ್ಲದೆ ನಡೆಯುವ ಮೂವ್ ಸೈಲೆಂಟ್ಲಿಯಲ್ಲಿ 8, ನೃತ್ಯದಲ್ಲಿ 5, ಜೊತೆಗೆ ಮೂರು ಫೀಟ್‌ಗಳು (ಆಟಗಾರ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯಗಳು) ಬೇಕು. ಕಥೆಯ ನಡುವೆ ನೆರಳಿನ ಲೋಕವನ್ನು ಕಂಡು ಮರುಳಾದವನಿಗೆ ಇದು ಸಿಗುವುದಿಲ್ಲ. ಮೊದಲ ದಿನವೇ ಲೆಕ್ಕ ಹಾಕಿ ಕುಳಿತವನಿಗೆ ಸಿಗುತ್ತದೆ. ಸ್ವಾತಂತ್ರ್ಯವಿದ್ದದ್ದು ಪಾತ್ರದ ಹಾಳೆಯ ಮೇಲೆ, ಅದೂ ಆಟ ಶುರುವಾಗುವ ಮೊದಲು.

2008ರ ನಾಲ್ಕನೇ ಆವೃತ್ತಿಯ ಮೂಲ ನಿಯಮದಲ್ಲಿ ಬೇರೆ ಕ್ಲಾಸ್‌ನ ರುಚಿ ಫೀಟ್‌ಗಳ ಮೂಲಕ ಮಾತ್ರ ದೊರೆಯುತ್ತಿತ್ತು. ಆದರೆ ಪ್ರತಿ ಲೆವೆಲ್‌ಗೆ ಹಿಂದಿನ ಒಂದು ಆಯ್ಕೆಯನ್ನು ಬದಲಿಸಿಕೊಳ್ಳುವ ಅವಕಾಶವನ್ನು ಅದು ಕೊಟ್ಟಿತು, ಈ ಒಳ್ಳೆಯತನಕ್ಕೆ ಸಲ್ಲಬೇಕಾದ ಮೆಚ್ಚುಗೆ ಸಂದಿಲ್ಲ.

ನಿಮ್ಮ ಐದನೇ ಆವೃತ್ತಿ, ಮೊದಲು ಬಂದ 2014ರ ರೂಪದಲ್ಲಿ, ಮಲ್ಟಿಕ್ಲಾಸ್ (ಒಂದಕ್ಕಿಂತ ಹೆಚ್ಚು ಕ್ಲಾಸ್‌ನ ಲೆವೆಲ್ ಪಡೆಯುವುದು) ಅನ್ನು ಐಚ್ಛಿಕ ನಿಯಮವಾಗಿ ಇಟ್ಟು, ಸಂಬಂಧಪಟ್ಟ ಗುಣಗಳಲ್ಲಿ 13 ಇರಬೇಕೆಂದಿತು. ದಾಳಿಗೆ ಸೇರುವ ಪ್ರಾವೀಣ್ಯದ ಬೋನಸ್ ಎಲ್ಲ ಕ್ಲಾಸ್‌ಗಳ ಒಟ್ಟು ಲೆವೆಲ್‌ಗೆ ಸಿಗುವುದರಿಂದ ಫೈಟರ್ 5, ವಿಝರ್ಡ್ 5 ಆದವನ ಕತ್ತಿ ಇಲ್ಲಿ ಮೊಂಡಾಗುವುದಿಲ್ಲ. ಹೆಚ್ಚಿನವರು ಅಲ್ಲಿಗೂ ಹೋಗದೆ ಸಬ್‌ಕ್ಲಾಸ್‌ನಲ್ಲೇ (ಒಂದೇ ಕ್ಲಾಸ್‌ನೊಳಗಿನ ಕವಲು) ತೃಪ್ತರಾಗುತ್ತಾರೆ. 2024ರ ಪರಿಷ್ಕರಣೆಯಲ್ಲಿ ಎಲ್ಲ ಕ್ಲಾಸ್‌ಗಳಿಗೂ ಆ ಆಯ್ಕೆ 3ನೇ ಲೆವೆಲ್‌ನಲ್ಲೇ ಮುಗಿಯುತ್ತದೆ. ಹತ್ತನೇ ಲೆವೆಲ್‌ನಲ್ಲಿ ಮನಸ್ಸು ಬದಲಾದ ಪಾತ್ರಕ್ಕೆ ಅದು ಬಹಳ ಹಿಂದೆಯೇ ಮುಚ್ಚಿದ ಬಾಗಿಲು.

ನಮ್ಮ ಮೇಜಿನಲ್ಲಿ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ಜೊತೆಗಾರ ಕ್ಲೆರಿಕ್ ಸತ್ತ ದಿನ, ಆರನೇ ಲೆವೆಲ್‌ಗೆ ಕಾಲಿಡುತ್ತಿದ್ದ ಫೈಟರ್ ಒಬ್ಬಳು ಅವನ ವ್ರತವನ್ನು ತಾನು ಮುಂದುವರಿಸುವೆನೆಂದಳು. ಕ್ಲೆರಿಕ್‌ನ ಮುಖ್ಯ ಗುಣವಾದ ವಿಸ್ಡಮ್ (ವಿವೇಕ) ಅವಳಲ್ಲಿ ಬರೀ 9. ಮೂರನೇ ಆವೃತ್ತಿಯಾಗಿದ್ದರೆ ಕ್ಲೆರಿಕ್ ಲೆವೆಲ್ ಸಿಗುತ್ತಿತ್ತು, ಒಂದು ಮಂತ್ರವೂ ಬಾಯಿಗೆ ಬರುತ್ತಿರಲಿಲ್ಲ. ನಾವು ಆಡುತ್ತಿದ್ದ ಐದನೆಯದರಲ್ಲಿ ಆ ಲೆವೆಲ್ಲೇ ಸಿಗುವಂತಿರಲಿಲ್ಲ. ಕೊನೆಗೆ ಮ್ಯಾಜಿಕ್ ಇನಿಶಿಯೇಟ್ ಎಂಬ ಫೀಟ್ ತೆಗೆದುಕೊಂಡು, ಸತ್ತವನು ಪ್ರತಿ ಕಾಳಗಕ್ಕೆ ಮುನ್ನ ಹೇಳುತ್ತಿದ್ದ ಬ್ಲೆಸ್ ಮಂತ್ರವನ್ನೇ ಆರಿಸಿಕೊಂಡಳು. ದಿನಕ್ಕೆ ಒಂದೇ ಸಲ ಹೇಳಬಹುದಿತ್ತು. ಯಾವ ಕಾಳಗಕ್ಕೆ ಅದನ್ನು ಉಳಿಸಿಕೊಳ್ಳಬೇಕೆಂದು ಮೇಜಿನ ಸುತ್ತ ಕುಳಿತವರೆಲ್ಲ ಅವಳೊಂದಿಗೆ ಯೋಚಿಸುತ್ತಿದ್ದೆವು.

— ಸಂ.