ಅಭ್ಯಾಸ ಮಾಡಿಸುವ ಮೊದಲು ಮಾತ್ರೆ ಡಬ್ಬಿ ತೆಗೆದು ನೋಡಿ

"ಅಮ್ಮನಿಗೆ ಬೆಳಗ್ಗೆ ತಿಂದ ತಿಂಡಿ ನೆನಪಿಲ್ಲ, ಮದುವೆಗೆ ಬಂದವರ ಹೆಸರೆಲ್ಲ ಹೇಳ್ತಾರೆ. ಎಂಆರ್‌ಐನಲ್ಲಿ ಮಿದುಳಿನ ಹಿಪೊಕ್ಯಾಂಪಸ್ ಭಾಗ ಕುಗ್ಗಿದೆ ಅಂದ್ರು. ಯಾವ ಅಭ್ಯಾಸ ಮಾಡಿಸಿದ್ರೆ ನೆನಪು ವಾಪಸ್ ಬರುತ್ತೆ?" ಅಂತ ಕೇಳಿದ್ದೀರಿ. ನಮ್ಮತ್ತೆಯವರದೂ ಇದೇ, ಆಲ್‌ಝೈಮರ್ ಅನ್ನೋ ಮರೆವಿನ ರೋಗ. ಮೂಡಿಗೆರೆ ಹತ್ತಿರದ ನಮ್ಮ ಮನೆಯಲ್ಲಿ ಕಾಫಿ ಕುಡಿದು ಲೋಟ ಕೆಳಗಿಟ್ಟ ಎರಡೇ ನಿಮಿಷಕ್ಕೆ "ಕಾಫಿನೇ ಕೊಟ್ಟಿಲ್ವಲ್ಲ" ಅನ್ನೋರು. ಅದೇ ಕೊಯ್ಲಿನ ಹೊತ್ತಲ್ಲಿ ಕಾಫಿ ಗಿಡದ ಮುಂದೆ ನಿಲ್ಲಿಸಿದರೆ ಹಸಿರು ಕಾಯಿ ಮುಟ್ಟದೆ ಹಣ್ಣನ್ನೇ ಬಿಡಿಸೋರು.

ಈ ರೋಗದಲ್ಲಿ ಟೌ ಅನ್ನೋ ಪ್ರೋಟೀನು ನರಕೋಶದೊಳಗೆ ಗಂಟು ಕಟ್ಟುವ ಕ್ರಮವನ್ನು ಮಿದುಳು ಸಂಶೋಧಕರಾದ ಬ್ರಾಕ್ ದಂಪತಿ 1991ರಲ್ಲಿ ಗುರುತಿಸಿದರು: ಮೊದಲು ಹಿಪೊಕ್ಯಾಂಪಸ್ ಪಕ್ಕದ ಎಂಟೊರೈನಲ್ ಕಾರ್ಟೆಕ್ಸ್, ಆಮೇಲೆ ಹಿಪೊಕ್ಯಾಂಪಸ್, ಕೊನೆಗೆ ಮಿದುಳಿನ ಉಳಿದ ಹೊರಪದರ. ಇವತ್ತು ನಡೆದದ್ದನ್ನು ನೆನಪಾಗಿ ಕೂರಿಸುವುದು ಮೊದಲೆರಡು ಜಾಗ. ಹಳೆಯ ನೆನಪು ಬಹುಪಾಲು ಹೊರಪದರದಲ್ಲಿದೆ, ಕೈ ಕಲಿತ ಕೆಲಸಕ್ಕೆ ಮಿದುಳಿನ ಬೇರೆ ಭಾಗಗಳಾದ ಬೇಸಲ್ ಗ್ಯಾಂಗ್ಲಿಯಾ ಮತ್ತು ಸೆರೆಬೆಲಂ ಬೇಕು. ಅಲ್ಲಿಗೆ ರೋಗ ತಡವಾಗಿ ಹೋಗುತ್ತೆ. ನಿಮ್ಮ ತಾಯಿಯ ತಲೆಯಲ್ಲಿ ತಿಂಡಿ ದಾಖಲೇ ಆಗಿಲ್ಲ. ಇಲ್ಲದ್ದನ್ನು "ನೆನಪು ಮಾಡ್ಕೊ" ಅಂದರೆ ಅವರಿಗೆ ಸಿಗೋದು ಅವಮಾನ ಒಂದೇ. ಸತ್ತ ಕೋಶ ಯಾವ ಪದಬಂಧಕ್ಕೂ ಮರಳಿ ಹುಟ್ಟಲ್ಲ. ಅಭ್ಯಾಸದ ಯೋಚನೆ ಬಿಡಿ, ಉಳಿದದ್ದನ್ನು ಏನು ಕೆಡಿಸ್ತಿದೆ ನೋಡಿ.

ನಾನೇ ಕೆಡಿಸಿದ್ದೆ. ಆಗಸ್ಟ್ ಮಳೆಯಲ್ಲಿ ಅತ್ತೆಗೆ ನೆಗಡಿ. ಮೆಡಿಕಲ್ ಶಾಪಿನಿಂದ ನೆಗಡಿ ಮಾತ್ರೆ ತಂದು ದಿನಕ್ಕೆರಡರಂತೆ ಹನ್ನೆರಡು ದಿನ ಕೊಟ್ಟೆ. ಅದರಲ್ಲಿ ಕ್ಲೋರ್‌ಫೆನಿರಮಿನ್ ಇತ್ತು. ಆಲ್‌ಝೈಮರ್‌ನಲ್ಲಿ ಅಸಿಟೈಲ್‌ಕೊಲೀನ್ ಅನ್ನೋ, ನೆನಪಿಗೆ ಬೇಕಾದ ಸಂದೇಶ ಒಯ್ಯುವ ರಾಸಾಯನಿಕ ಒದಗಿಸುವ ಮಿದುಳಿನ ನ್ಯೂಕ್ಲಿಯಸ್ ಬೇಸಾಲಿಸ್ ಕೋಶಗಳು ಸಾಯ್ತಾ ಬರ್ತವೆ. ಅತ್ತೆ ತಗೊಳ್ತಿದ್ದ ಡೊನೆಪೆಝಿಲ್, ಉಳಿದಷ್ಟು ಅಸಿಟೈಲ್‌ಕೊಲೀನ್ ಒಡೆದು ಹೋಗದಂತೆ ಕಾಯುತ್ತೆ. ನಾನು ಕೊಟ್ಟ ಮಾತ್ರೆ ಆ ಅಸಿಟೈಲ್‌ಕೊಲೀನ್ ಹೋಗಿ ಕೂರಬೇಕಾದ ಜಾಗವನ್ನೇ ಮುಚ್ಚುತ್ತೆ. ಗದ್ದೆಗೆ ನೀರು ಬಿಟ್ಟು ತೂಬು ಮುಚ್ಚಿದ ಹಾಗೆ. ಬಾಯಿ ಒಣಗಿತು, ಮಲಬದ್ಧತೆ ಆಯಿತು, ಮೂತ್ರ ಸರಿಯಾಗಿ ಹೋಗ್ಲಿಲ್ಲ, ರಾತ್ರಿ ಮೂಲೆಯಲ್ಲಿ ಮಕ್ಕಳು ಕೂತಿದಾರೆ ಅಂದ್ರು. ರೋಗ ಜಾಸ್ತಿಯಾಯ್ತು ಅಂದ್ಕೊಂಡು ಸುಮ್ಮನಿದ್ದೆ. ಆ ದಿನಗಳ ನೋವು ಇವತ್ತಿಗೂ ನನಗಿದೆ. ಡಾಕ್ಟರು ಸ್ಟ್ರಿಪ್ಪಿನ ಹಿಂಬದಿ ಓದಿ ನಿಲ್ಲಿಸಿದರು. ಐದನೇ ದಿನಕ್ಕೆ ರಾತ್ರಿ ಮಲಗಿದರು.

ಹಾಗಾಗಿ ಮನೆಯಲ್ಲಿರುವ ಎಲ್ಲ ಸ್ಟ್ರಿಪ್ಪು, ಕೆಮ್ಮಿನ ಸಿರಪ್ಪೂ ಸೇರಿಸಿ, ಒಂದು ಕವರಿಗೆ ಹಾಕಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಡೈಫೆನ್‌ಹೈಡ್ರಮಿನ್, ಪ್ರೊಮೆಥಝಿನ್, ಹೊಟ್ಟೆನೋವಿನ ಡೈಸೈಕ್ಲೊಮಿನ್, ಮೂತ್ರ ತಡೆಯಲಾಗದ್ದಕ್ಕೆ ಕೊಡುವ ಆಕ್ಸಿಬ್ಯುಟಿನಿನ್, ಅಮಿಟ್ರಿಪ್ಟಿಲಿನ್ ಎಲ್ಲ ಆ ಜಾಗ ಮುಚ್ಚುವ ಒಂದೇ ಜಾತಿ. ಡಾಕ್ಟರು ಬರೆದದ್ದನ್ನು ನೀವಾಗಿ ನಿಲ್ಲಿಸಬೇಡಿ. ಬಿ12, ಟಿಎಸ್‌ಎಚ್ (ಥೈರಾಯ್ಡ್) ರಕ್ತಪರೀಕ್ಷೆ ಆಗಿದೆಯಾ ಕೇಳಿ, ಮರೆವಿಗೆ ಬೇರೆ ಕಾರಣವೂ ಇದೆಯಾ ಗೊತ್ತಾಗುತ್ತೆ. ಡೊನೆಪೆಝಿಲ್ ಸಾಮಾನ್ಯವಾಗಿ 5 ಮಿಲಿಗ್ರಾಂನಿಂದ ಶುರು, 4ರಿಂದ 6 ವಾರದ ಮೇಲೆ 10. ತಲೆ ಸುತ್ತಿದರೆ, ನಾಡಿ ನಿಧಾನವಾದರೆ ತಕ್ಷಣ ಹೇಳಿ. ಎರಡು ಮೂರು ದಿನದಲ್ಲಿ ದಿಢೀರ್ ಕೆಟ್ಟರೆ ಆಲ್‌ಝೈಮರ್ ಒಂದೇ ಕಾರಣ ಅಂದ್ಕೋಬೇಡಿ, ಮೂತ್ರದ ಸೋಂಕು ಮತ್ತು ಸೋಡಿಯಂ ಪರೀಕ್ಷೆ ಮಾಡಿಸಿ.

ಕಾಫಿ ಕುಡಿದ ಲೋಟ ಬೇಗ ಎತ್ತಬೇಡಿ. ಮುಂದೆ ಇದ್ದರೆ ಅವರೇ ನೋಡಿ "ಓ, ಕುಡಿದಿದೀನಿ" ಅಂತಾರೆ.